ಟೈಲರ್ ಮಾಸ್ಟರ ಕಾರಿಗೆ ರೆಕ್ಕೆ ಬಂತು

ಕೈಯಲ್ಲಿರುವ ಕೆಲಸವನ್ನು ಒಂದು ಹತ್ತು ನಿಮಿಷ ಪಕ್ಕಕ್ಕಿಟ್ಟು ಇದನ್ನು ಪೂರ್ತಿ ಕೇಳಿಬಿಡಿ. ಅರ್ಧ ಕೇಳಿ ಎದ್ದು ಹೋದರೆ ನೀವೂ ಆ ಬೀದಿಯವರ ಹಾಗೆ "ಪಾಪ, ಟೈಲರ್ ಮಾಸ್ಟರಿಗೆ ಎಂಥ ಆಕ್ಸಿಡೆಂಟಾಗಿಹೋಯ್ತು" ಎಂದು ಲೊಚಗುಟ್ಟುತ್ತೀರಿ. ಆಕ್ಸಿಡೆಂಟ್ ಆಗಿಲ್ಲ. ಅಷ್ಟನ್ನು ನಂಬಿಸುವುದಕ್ಕೇ ಇಷ್ಟುದ್ದ ಹೇಳಬೇಕಾಗಿದೆ.

ಮಾಸ್ಟರು ಮೂವತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದಾರೆ. ತೋಳು ಕೂರಿಸುವುದರಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಇಲ್ಲ. ಆದರೆ ಅಂಗಡಿಯಲ್ಲಿರುವ ಮೂರು ಮಿಷನ್ನುಗಳಲ್ಲಿ ಎರಡು ಮುಸುಕು ಹೊದ್ದು ಮಲಗಿದ್ದವು. ಎದುರುಸಾಲಿನ ಅಂಗಡಿಯವನನ್ನು ಎಲ್ಲರೂ ಸೂಟಪ್ಪ ಎನ್ನುತ್ತಾರೆ. ಬೇಸಿಗೆಯಲ್ಲೂ ಕೋಟು ಬಿಚ್ಚದವನು. ದೊಡ್ಡಾಸ್ಪತ್ರೆಯ ಆರುನೂರು ಜನರ ಯೂನಿಫಾರಂ ಸತತ ಮೂರು ವರ್ಷ ಅವನಿಗೇ ಹೋಗಿತ್ತು. ಈ ಸಲ ಹೊಸದಾಗಿ ಬಂದ ಸೂಪರಿಂಟೆಂಡೆಂಟ್ ಮೇಡಂ, "ಇಬ್ಬರೂ ಒಂದೊಂದು ಜೊತೆ ಸ್ಯಾಂಪಲ್ ಹೊಲಿದು ತನ್ನಿ, ಬುಧವಾರ ಹನ್ನೊಂದು ಗಂಟೆಗೆ ನಾನೇ ನೋಡ್ತೀನಿ" ಎಂದು ಹೇಳಿಕಳಿಸಿದ್ದರು. ಈ ಸಲವೂ ಕೈತಪ್ಪಿದರೆ ಮಾಸ್ಟರು ಅಂಗಡಿಗೆ ಬೀಗ ಹಾಕುವುದೊಂದೇ ದಾರಿ. ಮುಂದೇನು ಎನ್ನುವುದನ್ನೂ ಸೂಟಪ್ಪ ದೊಡ್ಡ ಮನಸ್ಸು ಮಾಡಿ ಹೇಳಿಟ್ಟಿದ್ದ: "ನಮ್ಮಲ್ಲಿಗೆ ಬಂದ್ಬಿಡಿ ಮಾಸ್ಟ್ರೇ, ಕಾಜ ಗುಂಡಿ ನೋಡ್ಕೊಳ್ಳೋಕೆ ಒಬ್ರು ಬೇಕಾಗಿದ್ದಾರೆ."

ಮೂವತ್ತು ವರ್ಷ ತೋಳು ಕೂರಿಸಿದ ಕೈ ಗುಂಡಿಯ ತೂತಿಗೆ ಕಾಜ ಹಾಕುವುದೇ? ಮಾಸ್ಟರು ಮೂರು ದಿನ ಕೂತು ಯೋಚನೆ ಮಾಡಿದರು. ತನ್ನ ಹೊಲಿಗೆಯಲ್ಲಿ ತಪ್ಪಿಲ್ಲ ಎನ್ನುವುದು ಖಾತ್ರಿಯಾಗಿತ್ತು. ಹಾಗಾದರೆ ತಪ್ಪು ಕಾರಿನಲ್ಲಿದೆ. ಸೂಟಪ್ಪ ಆಸ್ಪತ್ರೆಗೆ ಹೋಗುವುದು ಉದ್ದನೆಯ ಕಪ್ಪು ಕಾರಿನಲ್ಲಿ. ಮಾಸ್ಟರದು ಸವೆದ ಸೋಪಿನ ಬಣ್ಣದ, ಸವೆದ ಸೋಪಿನಷ್ಟೇ ಗಾತ್ರದ ಹಳೆಯ ಗಾಡಿ. ದೊಡ್ಡವರು ಬಟ್ಟೆ ನೋಡುವ ಮೊದಲು ಕಾರು ನೋಡುತ್ತಾರೆ ಎಂದು ತೀರ್ಮಾನಿಸಿ ಅವರು ನೇರ ಗ್ಯಾರೇಜಿಗೆ ಹೋದರು.

ಗ್ಯಾರೇಜಿನವನಿಗೆ ಸ್ಪ್ಯಾನರ್ ಎಂದೇ ಹೆಸರು. ಅವನು ಫೋನಿನಲ್ಲಿ ಒಂದು ವೀಡಿಯೊ ತೋರಿಸಿದ. ಕಾರಿನ ಬಾಗಿಲು ಪಕ್ಕಕ್ಕೆ ತೆರೆಯುವ ಬದಲು ಹಕ್ಕಿಯ ರೆಕ್ಕೆಯ ಹಾಗೆ ಆಕಾಶಕ್ಕೆ ಏಳುತ್ತಿತ್ತು.

"ಪಕ್ಕಕ್ಕೆ ತೆಗೆಯೋ ಬಾಗಿಲು ಮನೇಲಿರೋ ಬೀರೂದು ಮಾಸ್ಟ್ರೇ. ಕಾರಿನ ಬಾಗಿಲು ಅಂದ್ರೆ ಏಳ್ಬೇಕು."

"ನಂದು ಸಣ್ಣ ಗಾಡಿ ಕಣಯ್ಯ. ಅದಕ್ಕೆ ಒಪ್ಪುತ್ತಾ?"

"ಸಣ್ಣ ಗಾಡಿಗೇ ಒಪ್ಪೋದು. ದೊಡ್ಡ ಗಾಡಿಗೆ ಹಾಕಿದ್ರೆ ಜನ ಗಾಡಿ ನೋಡ್ತಾರೆ. ಸಣ್ಣದಕ್ಕೆ ಹಾಕಿದ್ರೆ ಬಾಗಿಲು ನೋಡ್ತಾರೆ."

ಈ ಮಾತಿನಲ್ಲಿ ಎಲ್ಲೋ ಒಂದು ಹೊಲಿಗೆ ಬಿಟ್ಟಿದೆ ಎಂದು ಮಾಸ್ಟರಿಗೆ ಅನ್ನಿಸಿತು. ಆದರೆ ಎಲ್ಲಿ ಬಿಟ್ಟಿದೆ ಎಂದು ಕೈಗೆ ಸಿಗಲಿಲ್ಲ.

"ಹಿಂದಿನ ಬಾಗಿಲೂ ಏಳುತ್ತಾ?"

"ಅದಕ್ಕೆ ಕಿಟ್ ಬರಲ್ಲ. ಅವೆರಡು ಇದ್ದ ಹಾಗೇ ಇರ್ಲಿ, ಆಪತ್ತಿಗಾಗುತ್ತೆ."

"ಎಂಥ ಆಪತ್ತು?"

"ಮಾತಿಗೆ ಅಂದೆ. ಒಂದೇ ಒಂದು ವಿಷ್ಯ, ಬಾಗಿಲು ಪೂರ್ತಿ ಎದ್ದಾಗ ನೆಲದಿಂದ ಎಂಬತ್ಮೂರು ಇಂಚು ಬರುತ್ತೆ. ನಿಮ್ಮ ಶೆಡ್ಡಿನ ತೊಲೆ ಎಷ್ಟು ಎತ್ತರ ಇದೆ ಅಳೆದು ಹೇಳಿ."

ಅಳತೆ ಎಂದರೆ ಮಾಸ್ಟರಿಗೆ ನಗು ಬಂತು. ಇಡೀ ಊರಿನ ಅಳತೆ ಅವರ ಕೊರಳಲ್ಲಿ ನೇತಾಡುವ ಟೇಪಿನಲ್ಲಿತ್ತು. ಆ ಟೇಪಿನದೇ ಒಂದು ಸಂಗತಿ ಹೇಳಬೇಕು. ಅದರ ಮೊದಲ ಎರಡು ಇಂಚು ಹರಿದುಹೋಗಿ ವರ್ಷಗಳಾಗಿದ್ದವು. ಅದು ಶುರುವಾಗುವುದೇ ಮೂರನೆಯ ಇಂಚಿನಿಂದ. ಎದೆ ನಲವತ್ತು ಎಂದು ತೋರಿಸಿದರೆ ಮಾಸ್ಟರ ಕೈ ತಾನಾಗಿಯೇ ಮೂವತ್ತೆಂಟು ಎಂದು ಬರೆಯುತ್ತಿತ್ತು. ಒಬ್ಬರ ಅಂಗಿಯಲ್ಲೂ ತಪ್ಪಾಗಿರಲಿಲ್ಲ. ಆದರೆ ತೊಲೆಗೆ ಅಂಗಿ ಹೊಲಿಯುವುದಿಲ್ಲವಲ್ಲ, ಕೈಗೆ ಕಳೆಯುವುದು ನೆನಪಾಗಲಿಲ್ಲ. ಅರವತ್ತು ಇಂಚಿನ ಟೇಪು ಒಂದು ಸಲಕ್ಕೆ ಸಾಲದೆ ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಎರಡು ಸಲ ಹಿಡಿದರು. ಎರಡೂ ಸಲ ಎರಡೆರಡು ಇಂಚು ಸುಳ್ಳು ಸೇರಿ, ಎಂಬತ್ತು ಇಂಚಿನ ತೊಲೆ ಎಂಬತ್ನಾಲ್ಕಾಯಿತು.

"ಒಂದು ಇಂಚು ಜಾಸ್ತೀನೇ ಇದೆ," ಎಂದು ಮಾಸ್ಟರು ಫೋನಿನಲ್ಲಿ ಹೇಳಿದರು. "ಹಾಕಿಬಿಡು."

ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ರೀ, ಮೇಲಕ್ಕೆ ಏಳೋದೇನೋ ಏಳುತ್ತೆ. ಮುಚ್ಚೋದು ಹೇಗೆ?"

"ಏಳೋದು ಗೊತ್ತಿರೋ ಬಾಗಿಲಿಗೆ ಇಳಿಯೋದು ಗೊತ್ತಿರಲ್ವಾ?"

"ನಿಮ್ಮಮ್ಮನಾಣೆಗೂ ನನಗೆ ಇದು ಸರಿ ಕಾಣ್ತಿಲ್ಲ," ಎಂದು ಅವಳು ಒಳಗೆ ಹೋದಳು.

ಕಾರು ಮುಂದಿನ ಬುಧವಾರ ಮನೆ ಮುಂದೆ ಬಂದು ನಿಂತಿತು, ಆಸ್ಪತ್ರೆಯ ಬುಧವಾರಕ್ಕೆ ಸರಿಯಾಗಿ ಒಂದು ವಾರ ಇರುವಾಗ. ಮಾಸ್ಟರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಬೀದಿಯಲ್ಲಿ ಜನ ಓಡಾಡುವ ಹೊತ್ತು ನೋಡಿ, ಬಾಗಿಲು ಎಬ್ಬಿಸಿದರು. ಅದು ಉಸಿರು ಬಿಡುತ್ತ ನಿಧಾನವಾಗಿ ಎದ್ದು ನಿಂತಿತು. ಪಕ್ಕದ ಮನೆಯ ರಿಟೈರ್ಡ್ ಹೆಡ್‌ಕ್ಲರ್ಕು ಹಾಲಿನ ಪ್ಯಾಕೆಟ್ ಹಿಡಿದು ಬರುತ್ತಿದ್ದವರು ನಿಂತರು. ಹತ್ತಿರ ಬಂದರು. ಕನ್ನಡಕ ಏರಿಸಿದರು.

"ಯಾರು ಗುದ್ದಿದ್ದು?"

"ಗುದ್ದಿಲ್ಲ ಸಾರ್. ಇದು ಹೊಸ ಬಾಗಿಲು."

"ಕೀಲೇ ಕಿತ್ಕೊಂಡು ಮೇಲೆ ಹೋಗಿದೆಯಲ್ರೀ. ಲಾರೀನಾ?"

"ಯಾವ ಲಾರೀನೂ ಇಲ್ಲ ಸಾರ್, ನಾನೇ ಮಾಡಿಸಿದ್ದು."

ಹೆಡ್‌ಕ್ಲರ್ಕು ಮಾಸ್ಟರ ಭುಜದ ಮೇಲೆ ಕೈಯಿಟ್ಟರು. "ಗೊತ್ತಾಯ್ತು ಬಿಡಿ. ತಪ್ಪು ನಿಮ್ಮದೇ ಇದ್ರೂ ಬಾಯಿಬಿಟ್ಟು ಒಪ್ಕೊಂಡ್ರಲ್ಲ, ಅದು ದೊಡ್ಡತನ. ಜೀವಕ್ಕೇನೂ ಆಗ್ಲಿಲ್ವಲ್ಲ, ಅಷ್ಟು ಸಾಕು."

ಹಾಲಿನ ಪ್ಯಾಕೆಟ್ಟು ಒಳಗೆ ಹೋಗುವಷ್ಟರಲ್ಲಿ ಸುದ್ದಿ ಹೊರಗೆ ಬಂದಿತ್ತು. ಸಂಜೆಯೊಳಗೆ ನಾಲ್ಕು ಜನ ಗಿರಾಕಿಗಳು ಅಂಗಡಿಗೆ ಬಂದು, ಹೊಲಿಯಲು ಕೊಟ್ಟಿದ್ದ ಬಟ್ಟೆಗೆ ಅವಸರವಿಲ್ಲ, ಮೊದಲು ಮೈ ನೋಡಿಕೊಳ್ಳಿ ಎಂದು ಹೇಳಿ ಹೋದರು. ಮಾಸ್ಟರು ಒಬ್ಬೊಬ್ಬರನ್ನೂ ಹೊರಗೆ ಕರೆದುಕೊಂಡು ಹೋಗಿ ಬಾಗಿಲು ಎಬ್ಬಿಸಿ ತೋರಿಸಿದರು. ಎಬ್ಬಿಸಿ ತೋರಿಸಿದಷ್ಟೂ ಗಿರಾಕಿಗಳ ಮುಖ ಬಾಡುತ್ತಿತ್ತು. "ಎರಡೂ ಕಡೆ ಹೋಗಿದೆಯಾ?" ಎಂದು ಒಬ್ಬನಂತೂ ಕಣ್ಣೊರೆಸಿಕೊಂಡ.

ಹೋಗಲಿ, ಬಾಗಿಲಾದರೂ ಸುಖ ಕೊಟ್ಟಿತೇ? ಕಿಟ್ ಕೂರಿಸುವಾಗ ಕಿಟಕಿಯ ವಯರು ಅಡ್ಡ ಬಂತೆಂದು ಸ್ಪ್ಯಾನರ್ ಕತ್ತರಿಸಿದ್ದ, ಗಾಜು ಇಳಿಯುತ್ತಿರಲಿಲ್ಲ. ಪಾರ್ಕಿಂಗಿನಲ್ಲಿ ಚೀಟಿ ತೆಗೆದುಕೊಳ್ಳಲು ಕೈ ಹೊರಗೆ ಚಾಚಬೇಕಾದರೆ ಇಡೀ ಬಾಗಿಲನ್ನೇ ಎತ್ತಬೇಕು. ಎತ್ತಿದರೆ ಅದು ಚೀಟಿ ಕೊಡುವವನ ಗೂಡಿನ ಮಾಡಿಗೆ ತಗಲುತ್ತದೆ. ಹಿಂದಿನವರು ಹಾರ್ನ್ ಹೊಡೆಯುವುದಿಲ್ಲ, ಇಳಿದು ಬಂದು ತಳ್ಳಿಕೊಡಬೇಕೇ ಎಂದು ಕೇಳುತ್ತಾರೆ. ಮಳೆ ಬಂದರೆ ಬಾಗಿಲಿನ ಮೇಲೆ ನಿಂತ ನೀರೆಲ್ಲ ಒಟ್ಟಾಗಿ ಇಳಿಯುವವರ ತೊಡೆಯ ಮೇಲೆಯೇ ಬೀಳುತ್ತದೆ. ಮಾಸ್ಟರು ಮೂರು ದಿನ ಪ್ಯಾಂಟು ಬದಲಾಯಿಸಿಕೊಂಡೇ ಅಂಗಡಿ ತೆರೆದರು.

ಶನಿವಾರ ಅತ್ತೆಯನ್ನು, ಅಂದರೆ ಹೆಂಡತಿಯ ತಾಯಿಯನ್ನು, ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ಮುಂದಿನ ಸೀಟಿನಲ್ಲಿ ಅವರನ್ನು ಕೂರಿಸಿ, ಸ್ಯಾಂಪಲ್ಲಿಗೆ ಗುಂಡಿ ತರಲು ಐದು ನಿಮಿಷ ಅಂಗಡಿಯೊಳಗೆ ಹೋದರು. ಅತ್ತೆಗೆ ಸೆಕೆಯಾಯಿತು. ಗಾಜು ಇಳಿಯದು. ಹಿಡಿ ಎಳೆದರು, ಬಾಗಿಲು ಎದ್ದಿತು. ಮುಚ್ಚೋಣವೆಂದರೆ ಹಿಡಿ ಅವರ ಕೈಗಿಂತ ಎರಡು ಮೊಳ ಮೇಲೆ ಆಕಾಶದಲ್ಲಿತ್ತು. ಮುರಿದ ಬಾಗಿಲಿನ ಕೆಳಗೆ ಒಬ್ಬ ವಯಸ್ಸಾದ ಹೆಂಗಸು ಎರಡೂ ಕೈ ಮೇಲೆತ್ತಿ ಕೂತಿರುವುದನ್ನು ಕಂಡು ಜನ ಸೇರಿದರು.

ಮಾಸ್ಟರು ಹೊರಗೆ ಬಂದಾಗ ಅತ್ತೆಯ ಕೈಯಲ್ಲಿ ಎಳನೀರು, ತಲೆಗೆ ಒದ್ದೆ ಟವಲು.

"ಅಜ್ಜೀ, ತಲೆ ಸುತ್ತುತ್ತಾ?" ಎಂದು ಯಾರೋ ಗಾಳಿ ಹಾಕುತ್ತ ಕೇಳುತ್ತಿದ್ದರು.

"ಸ್ವಲ್ಪ ಸುತ್ತುತ್ತಪ್ಪ," ಎಂದು ಅತ್ತೆ ಕಣ್ಣು ಮುಚ್ಚಿದರು.

"ಯಾರಮ್ಮ ಗಾಡಿ ಓಡಿಸ್ತಿದ್ದಿದ್ದು?"

"ನಮ್ಮ ಅಳಿಯಂದ್ರೇ." ಒಂದು ಗುಟುಕು ಎಳನೀರು. "ಮೊದ್ಲು ಒಳ್ಳೇವ್ರೇ ಇದ್ರು."

ದಾರಿಯಲ್ಲಿ ಮಾಸ್ಟರು ಹಲ್ಲು ಕಚ್ಚಿ ಕೇಳಿದರು: "ಅತ್ತೇ, ಆಕ್ಸಿಡೆಂಟ್ ಆಗಿಲ್ಲ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ಯಾರೂ ಕೇಳ್ಲಿಲ್ವಲ್ಲಪ್ಪ. ಪಾಪ, ಎಷ್ಟು ಚೆನ್ನಾಗಿ ನೋಡ್ಕೊಂಡ್ರು. ನಾಳೇನೂ ಮಾರ್ಕೆಟ್ಟಿಗೆ ಹೋಗೋದಿದೆಯಾ?"

ಮಂಗಳವಾರ ಸಂಜೆ ಸ್ಯಾಂಪಲ್ ತಯಾರಾಯಿತು. ಬಿಳಿ ಮೇಲಂಗಿ, ಬಿಳಿ ಪ್ಯಾಂಟು. ತೋಳು ಎಂದರೆ ಅದೇ ತೋಳು, ಕೈ ಎತ್ತಿದರೂ ಕಂಕುಳಲ್ಲಿ ಒಂದು ನೆರಿಗೆ ಬೀಳದು. ನಾಳೆಗೆ ಕಾರು ತೊಳೆದು ಹೊಳೆಯಬೇಕೆಂದು ಮಾಸ್ಟರು ಅದನ್ನು ಮೊದಲ ಸಲ ಶೆಡ್ಡಿನೊಳಗೆ ತಂದು ನಿಲ್ಲಿಸಿದರು. ಅದುವರೆಗೆ ಜನ ನೋಡಲಿ ಎಂದು ಬೀದಿಯಲ್ಲೇ ಬಿಟ್ಟಿದ್ದರು. ಎಂಜಿನ್ ಆರಿಸಿ, ಹಿಡಿ ಎಳೆದು, ಭುಜ ಕೊಟ್ಟು ಬಾಗಿಲು ತಳ್ಳಿದರು. ಬಾಗಿಲು ಹುರುಪಿನಿಂದ ಎದ್ದು ತೊಲೆಗೆ ಟಣ್ಣೆಂದು ಬಡಿದು, ಸೊಟ್ಟಗಾಗಿ ಅರ್ಧಕ್ಕೆ ಇಳಿದು, ಅಲ್ಲೇ ಕಚ್ಚಿಕೊಂಡಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಕೆಳಗೆ ಉಳಿದ ಸಂದಿನಲ್ಲಿ ಮಾಸ್ಟರ ತಲೆ ಹಿಡಿಸುತ್ತಿತ್ತು, ಹೊಟ್ಟೆ ಹಿಡಿಸುತ್ತಿರಲಿಲ್ಲ. ಎಡಗಡೆ ಬಾಗಿಲು ಗೋಡೆಗೆ ಅಂಟಿತ್ತು.

ಸ್ಪ್ಯಾನರ್ ಹೇಳಿದ ಆಪತ್ತು ಯಾವುದೆಂದು ಆಗ ತಿಳಿಯಿತು. ಮಾಸ್ಟರು ಎರಡು ಸೀಟುಗಳ ನಡುವೆ ತೂರಿ, ಹಿಂದಿನ ಬಾಗಿಲು ತೆರೆದು, ಮೊದಲು ಕಾಲುಗಳನ್ನು ಹೊರಗೆ ಹಾಕಿದರು. ಅಷ್ಟರಲ್ಲಿ ಟಣ್ಣೆಂಬ ಸದ್ದಿಗೆ ಓಡಿಬಂದ ಹೆಡ್‌ಕ್ಲರ್ಕಿಗೆ ಕಂಡದ್ದು ಜಖಂ ಆದ ಕಾರು ಮತ್ತು ಅದರಿಂದ ಹೊರಗೆ ನೇತುಬಿದ್ದ ಎರಡು ಕಾಲು.

"ಮತ್ತೆ ಗುದ್ದಿದ್ರಾ?" ಎಂದರು ಹೆಡ್‌ಕ್ಲರ್ಕು. "ಮನೆಯೊಳಗೇನಾ?"

ಸ್ಪ್ಯಾನರ್ ಬಂದು ಸುತ್ತಿಗೆಯಲ್ಲಿ ಬಡಿದು ಬಾಗಿಲನ್ನು ಕೆಳಗಿಳಿಸಿದ. ಸೊಟ್ಟಗಾದ ಬಾಗಿಲು ಕೂರಲಿಲ್ಲ. ನಡುವೆ ಮೂರು ಬೆರಳು ಸಂದು. ಮಾಸ್ಟರ ಟೇಪು ತೆಗೆದುಕೊಂಡು ತೊಲೆ ಅಳೆಯಲು ಹೋದವನು ಟೇಪಿನ ತುದಿ ನೋಡಿ, ಮಾಸ್ಟರ ಮುಖ ನೋಡಿ, ಟೇಪನ್ನು ಅವರ ಕೊರಳಿಗೇ ಹಾಕಿದ. "ನಾಳೆ ಒಂದಿನ ಹೇಗಾದ್ರೂ ಕಟ್ಕೊಂಡು ಹೋಗಿ. ನೀವು ಎಡಗಡೆಯಿಂದ ಇಳೀರಿ, ಆ ಬಾಗಿಲು ಚೆನ್ನಾಗಿದೆ. ಬಾಗಿಲು ಎತ್ತಿ ಹಿಡಿಯೋ ಗ್ಯಾಸ್ ರಾಡ್ ಮಾತ್ರ ಸ್ವಲ್ಪ ಸಡಿಲ."

"ಸ್ವಲ್ಪ ಅಂದ್ರೆ?"

"ಎದ್ದ ಮೇಲೆ ಬೇಗ ಇಳಿದ್ಬಿಡಿ."

ಕಟ್ಟುವುದಕ್ಕೆ ಮನೆಯಲ್ಲಿ ಸಿಕ್ಕಿದ್ದು ಕೋಟಿನ ಒಳಗೆ ಹಾಕುವ ಕಡುಗೆಂಪು ಲೈನಿಂಗ್ ಬಟ್ಟೆ. ಬಸ್ಸಿನಲ್ಲಿ ಹೋಗಿ ಎಂದು ಹೆಂಡತಿ ಕೈಮುಗಿದು ಕೇಳಿಕೊಂಡಳು. ಸೂಟಪ್ಪ ಕಾರಿನಿಂದ ಇಳಿಯುವಾಗ ತಾನು ಬಸ್ಸಿನಿಂದ ಇಳಿಯುವುದೇ? ಒಂದು ಬಾಗಿಲು ಎದ್ದರೂ ಸಾಕು, ನೋಡುವವರು ಒಂದೇ ಕಡೆ ತಾನೇ ನಿಂತಿರುತ್ತಾರೆ.

ಬುಧವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಮಾಸ್ಟರ ಕಾರು ಆಸ್ಪತ್ರೆಯ ಪೋರ್ಟಿಕೋದಲ್ಲಿ ನಿಂತಿತು. ಮೆಟ್ಟಿಲ ಮೇಲೆ ಸೂಪರಿಂಟೆಂಡೆಂಟ್ ಮೇಡಂ, ಅವರ ಪಕ್ಕದಲ್ಲಿ ಸೂಟಪ್ಪ, ಅವನ ಕೈಯಲ್ಲಿ ಮಡಚಿದ ಸ್ಯಾಂಪಲ್. ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗದು. ಮಾಸ್ಟರು ಎಡಗಡೆಯ ಸೀಟಿಗೆ ಜಾರಿ, ಹ್ಯಾಂಗರಿನಲ್ಲಿದ್ದ ಬಿಳಿ ಬಟ್ಟೆಯನ್ನು ಕೈಯಲ್ಲಿ ಹಿಡಿದು, ಬಾಗಿಲು ಎಬ್ಬಿಸಿದರು. ಅದು ವೀಡಿಯೊದಲ್ಲಿದ್ದ ಹಾಗೆಯೇ ಎದ್ದಿತು. ಎಲ್ಲರೂ ಇತ್ತ ತಿರುಗಿದರು. ಮಾಸ್ಟರು ಒಂದು ಕಾಲು ನೆಲಕ್ಕಿಟ್ಟು, ಗಂಭೀರವಾಗಿ ತಲೆ ಹೊರಗೆ ಹಾಕಿ, ನೋಡುತ್ತಿದ್ದಾರಾ ಎಂದು ನೋಡಲು ಅರೆಕ್ಷಣ ತಡೆದರು.

ಗ್ಯಾಸ್ ರಾಡು ಆ ಅರೆಕ್ಷಣವನ್ನೇ ಕಾಯುತ್ತಿತ್ತು. ಫುಸ್ ಎಂದು ಉಸಿರು ಬಿಟ್ಟು ಬಾಗಿಲು ಮೆಲ್ಲಗೆ ಇಳಿದು ಮಾಸ್ಟರ ಬೆನ್ನ ಮೇಲೆ ಕೂತಿತು. ಅವರು ಮಂಡಿಯೂರಿದರು. ಮುಕ್ಕಾಲು ಪಾಲು ಮನುಷ್ಯ ಬಾಗಿಲಿನ ಕೆಳಗೆ, ಹೊರಗೆ ಕಾಣುವುದು ತಲೆ ಮತ್ತು ಒಂದು ಕೈ. ಆ ಕೈ ಮಾತ್ರ ಬಿಳಿ ಬಟ್ಟೆಗೆ ಮಣ್ಣು ತಾಗದ ಹಾಗೆ ನೆಟ್ಟಗೆ ಮೇಲೆದ್ದು ನಿಂತಿತ್ತು. ಆ ಕಡೆಯ ಬಾಗಿಲಿನಿಂದ ಕೆಂಪು ಲೈನಿಂಗ್ ಬಿಚ್ಚಿಕೊಂಡು ನೆಲದವರೆಗೆ ಇಳಿದು ಹರಡಿತು.

"ರಕ್ತ," ಎಂದ ಅಟೆಂಡರ್. "ಸ್ಟ್ರೆಚರ್ ತನ್ನಿ."

ಆಸ್ಪತ್ರೆಯಲ್ಲಿ ಕೆಲಸ ಎಷ್ಟು ಚುರುಕಾಗಿ ನಡೆಯುತ್ತದೆ ಎಂದು ಮಾಸ್ಟರಿಗೆ ಅವತ್ತು ಗೊತ್ತಾಯಿತು. ನಾಲ್ಕು ಜನ ಎಳೆದರು, ಇಬ್ಬರು ಮಲಗಿಸಿದರು, ಒಬ್ಬಳು ಕತ್ತಿಗೆ ಗಟ್ಟಿಯಾದ ಪಟ್ಟಿ ಸುತ್ತಿ ಬಿಗಿದಳು. ಸೂಪರಿಂಟೆಂಡೆಂಟ್ ಮೇಡಂ ಸ್ಟ್ರೆಚರಿನ ಪಕ್ಕದಲ್ಲೇ ನಡೆದು ಬಂದರು.

"ಆಕ್ಸಿಡೆಂಟ್ ಅಲ್ಲ ಸಿಸ್ಟರ್," ಎಂದರು ಮಾಸ್ಟರು ಛಾವಣಿ ನೋಡುತ್ತ. "ಬಾಗಿಲೇ ಹಾಗೆ."

"ಹೇಗೆ?"

"ಮೇಲಕ್ಕೆ ಹೋಗುತ್ತೆ."

"ನೋಡಿದ್ವಲ್ಲ. ಯಾಕೆ ಹೋಯ್ತು?"

"ಹೋಗ್ಲಿ ಅಂತಾನೇ ದುಡ್ಡು ಕೊಟ್ಟು ಮಾಡಿಸಿದ್ದು."

ಸಿಸ್ಟರು ಪಕ್ಕದವಳ ಮುಖ ನೋಡಿದಳು. "ಬರ್ಕೊಳ್ಳೇ. ರೋಗಿಗೆ ಗೊಂದಲ ಇದೆ." ಮತ್ತೆ ಮಾಸ್ಟರ ಕಡೆ ಬಾಗಿ, "ಇವತ್ತು ಯಾವ ವಾರ ಹೇಳಿ?"

"ಬುಧವಾರ. ಸ್ಯಾಂಪಲ್ಲಿಗೆ ಕೊಳೆ ಆಗ್ಲಿಲ್ಲ ತಾನೇ?"

ಈ ಮಾತಿಗೆ ಸೂಪರಿಂಟೆಂಡೆಂಟ್ ಮೇಡಂ ನಿಂತುಬಿಟ್ಟರು. ಮಾಸ್ಟರ ಕೈಯಿಂದ ಹ್ಯಾಂಗರ್ ಬಿಡಿಸಲು ಇಬ್ಬರು ಬೇಕಾಯಿತು. ಮೇಡಂ ಅಂಗಿಯನ್ನು ಬೆಳಕಿಗೆ ಹಿಡಿದು ತೋಳು ನೋಡಿದರು, ಒಳಗಿನ ಹೊಲಿಗೆ ನೋಡಿದರು. ಒಂದು ಚುಕ್ಕೆ ಕೊಳೆಯಿರಲಿಲ್ಲ.

"ಜೀವ ಹೋಗ್ತಿದ್ರೂ ಬಟ್ಟೆ ನೆಲಕ್ಕೆ ಬಿಡ್ಲಿಲ್ಲ," ಎಂದರು ನಿಧಾನವಾಗಿ. "ಇಂಥವ್ರು ಎಲ್ಲಿ ಸಿಗ್ತಾರೆ?"

ಸೂಟಪ್ಪನಿಗೆ ತಡೆಯಲಾಗಲಿಲ್ಲ. "ಮೇಡಂ, ಅದು ಆಕ್ಸಿಡೆಂಟೇ ಅಲ್ಲ. ಶೋಕಿಗೆ ಹಾಕಿಸ್ಕೊಂಡಿರೋ ಬಾಗಿಲು. ಒಂದು ವಾರದಿಂದ ನಮ್ಮ ಅಂಗಡಿ ಮುಂದೇನೇ ಎತ್ತೋದು, ಇಳ್ಸೋದು ಮಾಡ್ತಿದ್ದಾನೆ."

ವಾರವೆಲ್ಲ ಮಾಸ್ಟರು ಬೇಡಿಕೊಂಡ ಮಾತನ್ನು ಲೋಕದಲ್ಲಿ ಒಬ್ಬನಾದರೂ ಆಡಿದ. ಆಡಿದವನು ಸೂಟಪ್ಪ.

"ಕತ್ತಿಗೆ ಪಟ್ಟಿ ಹಾಕ್ಕೊಂಡು ಮಲಗಿರೋರ ಬಗ್ಗೆ ಹೀಗೆ ಮಾತಾಡ್ತೀರಲ್ರೀ," ಎಂದರು ಮೇಡಂ. "ನಾಚಿಕೆ ಆಗಲ್ವಾ ನಿಮಗೆ? ನಡೀರಿ ಹೊರಗೆ."

ಸೂಟಪ್ಪ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಹೋದ. ಒಳಗೆ ಬಂದವರು ಆಸ್ಪತ್ರೆ ಚೌಕಿಯ ಹೆಡ್ ಕಾನ್‌ಸ್ಟೇಬಲ್. ಅವರ ಕೈಯಲ್ಲಿ ಬರೆಯುವ ಪುಸ್ತಕ, ಬೆನ್ನ ಹಿಂದೆ ಬೆವೆತುಹೋದ ಒಬ್ಬ ಆಟೋ ಡ್ರೈವರ್.

"ನಿಮ್ಮ ಗಾಡಿ ಹಿಂದೆ ನಿಂತಿದ್ದವನು ಇವನೇ. ಗುದ್ದಿದ್ದು ಇವನೇ ತಾನೇ? ಹೂಂ ಅಂದ್ರೆ ಸಾಕು, ಉಳಿದಿದ್ದು ನಾನು ಬರ್ಕೋತೀನಿ."

"ಅಣ್ಣಾ, ನಾನು ಪೇಷಂಟ್ ಇಳಿಸೋಕೆ ಬಂದಿದ್ದೆ," ಎಂದ ಆಟೋದವನು. "ನಿಮ್ಮ ಗಾಡಿ ಮುಟ್ಟೇ ಇಲ್ಲ. ಹೇಳಣ್ಣಾ."

ಅಷ್ಟು ಹೊತ್ತಿಗೆ ಮೇಡಂ ಆರ್ಡರಿನ ಕಾಗದ ತರಿಸಿ ಕೈಯಲ್ಲಿ ಹಿಡಿದಿದ್ದರು. ಮಾಸ್ಟರು ಹೂಂ ಎಂದರೆ ಅಂಗಡಿಯ ಮೂರು ಮಿಷನ್ನೂ ಓಡುತ್ತವೆ, ಆಟೋದವನು ಚೌಕಿಯಲ್ಲಿ ಕೂರುತ್ತಾನೆ. ಇಲ್ಲ ಎಂದರೆ ಕಾಜ ಗುಂಡಿ. ತಲೆಯಾಡಿಸಿ ತಪ್ಪಿಸಿಕೊಳ್ಳೋಣವೆಂದರೆ ಪಟ್ಟಿ ಬಿಗಿದ ಕತ್ತು ಹೌದೆಂದೂ ಆಡದು, ಇಲ್ಲವೆಂದೂ ಆಡದು. ಬಾಯಿಯೇ ಬಿಡಬೇಕಾಯಿತು.

"ಯಾರೂ ಗುದ್ದಿಲ್ಲ ಸಾರ್. ಇವ್ರ ತಪ್ಪು ಏನೂ ಇಲ್ಲ. ದೊಡ್ಡಸ್ತಿಕೆಗೆ ಬಾಗಿಲು ಮಾಡಿಸ್ಕೊಂಡೆ, ಅದು ನನ್ನ ಮೇಲೇ ಬಿತ್ತು. ಸೂಟಪ್ಪ ಹೇಳಿದ್ದೆಲ್ಲ ನಿಜ."

ಮಾಸ್ಟರು ಕಣ್ಣು ಮುಚ್ಚಿಕೊಂಡರು. ತೆರೆದು ನೋಡಿದರೆ ಸೂಪರಿಂಟೆಂಡೆಂಟ್ ಮೇಡಂ ಕರ್ಚೀಫು ತೆಗೆಯುತ್ತಿದ್ದರು.

"ನೋಡಿದ್ರಾ? ಗುದ್ದಿದವನನ್ನೂ ಉಳಿಸ್ತಿದ್ದಾರೆ, ಬಾಯಿಗೆ ಬಂದ ಹಾಗೆ ಅಂದವನನ್ನೂ ಉಳಿಸ್ತಿದ್ದಾರೆ."

"ನಾನು ಗುದ್ದಿಲ್ಲ ಮೇಡಂ," ಎಂದ ಆಟೋದವನು.

"ನೀನು ಸುಮ್ನಿರು. ನಿನ್ನ ಪುಣ್ಯ, ಇಂಥವ್ರಿಗೆ ಗುದ್ದಿದ್ದೀಯ."

ಹೆಡ್ ಕಾನ್‌ಸ್ಟೇಬಲ್ ಪುಸ್ತಕ ಮುಚ್ಚಿದರು. ಹೇಳಿಕೆ ಕೊಡಬೇಕಾದವರೇ ಗುದ್ದಿಲ್ಲ ಎಂದ ಮೇಲೆ ಅವರಿಗೂ ಬರೆಯುವ ಕೆಲಸ ತಪ್ಪಿತು. ಆಟೋದವನು ಬಿಟ್ಟಿದ್ದೇ ಸಾಕೆಂದು ಓಡಿದ. ಸಿಸ್ಟರು "ಗೊಂದಲ ಇದೆ" ಎನ್ನುವುದರ ಮುಂದೆ "ಹೆಚ್ಚಾಗಿದೆ" ಎಂದು ಸೇರಿಸಿದಳು. ಆರ್ಡರಿನ ಕಾಗದ ಮಾಸ್ಟರ ಎದೆಯ ಮೇಲೆ ಬಂದು ಕೂತಿತು: ಆರುನೂರು ಜನಕ್ಕೆ ಎರಡೆರಡು ಜೊತೆ, ಇಪ್ಪತ್ತು ದಿನಕ್ಕೆ ಮೊದಲ ಕಂತು, ಒಂದೊಂದು ಜೊತೆ. ಅದರ ಪಕ್ಕದಲ್ಲೇ ಡಾಕ್ಟರ ಚೀಟಿ: ಕತ್ತಿನ ಪಟ್ಟಿ ಇಪ್ಪತ್ತೊಂದು ದಿನ ಬಿಚ್ಚಬಾರದು.

"ಬಿಚ್ಚಲ್ಲ ಅಂತ ನನಗೆ ಮಾತು ಕೊಡಿ," ಎಂದರು ಮೇಡಂ. "ನಮ್ಮ ಹುಡುಗೀರು ದಿನಾ ಮೂವತ್ತು ಜನ ಅಳತೆ ಕೊಡೋಕೆ ಬರ್ತಾರೆ. ಅವ್ರಿಗೂ ಹೇಳಿದ್ದೀನಿ, ನೋಡ್ಕೋತಾರೆ."

ಕತ್ತು ಬಗ್ಗಿಸದೆ ಬಟ್ಟೆ ಹೊಲಿದವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ಮಾಸ್ಟರಿಗೆ ಎದುರುಸಾಲಿನ ಬೋರ್ಡು ಕಾಣುತ್ತದೆ, ಬೀದಿ ಕಾಣುತ್ತದೆ, ಬಂದವರ ಹಣೆ ಕಾಣುತ್ತದೆ. ಸೂಜಿ ಕಾಣುವುದಿಲ್ಲ. ಮಿಷನ್ನನ್ನು ಬೆಂಚಿನ ಮೇಲೇರಿಸಿ ಕಣ್ಣಿನ ಮಟ್ಟಕ್ಕೆ ತಂದರು. ಸೂಜಿ ಕಂಡಿತು, ಕಾಲು ಪೆಡಲಿಗೆ ಎಟುಕಲಿಲ್ಲ. ಹೆಂಡತಿ ಕೆಳಗೆ ಕೂತು ಕೈಯಲ್ಲಿ ಪೆಡಲು ಒತ್ತಿದಳು. "ನಿಲ್ಸೇ" ಎಂದರೆ ಅವಳಿಗೆ "ಒತ್ತೇ" ಎಂದಷ್ಟೇ ಉತ್ಸಾಹ. ಮೊದಲ ದಿನದ ಕೆಲಸವೆಲ್ಲ ಸೇರಿ ಒಂದು ಅಂಗಿಯಾಯಿತು. ಅದರ ಎಡತೋಳು ಕುತ್ತಿಗೆಯ ಜಾಗದಲ್ಲಿ ಕೂತಿತ್ತು.

ಅಂಗಡಿಯ ಹಿಂದೆ ಹೋಗಿ, ಪರದೆ ಎಳೆದು, ಪಟ್ಟಿ ಬಿಚ್ಚಿ ಹೊಲಿಯಲು ಕೂತರು. ಐದು ನಿಮಿಷಕ್ಕೊಮ್ಮೆ "ಮಾಸ್ಟ್ರೇ, ಅಳತೆ" ಎಂದು ಒಬ್ಬ ಸಿಸ್ಟರು ಪರದೆ ಸರಿಸುತ್ತಾಳೆ. ಬಿಚ್ಚುವುದು, ಬಿಗಿಯುವುದು, ಬಿಚ್ಚುವುದು, ಬಿಗಿಯುವುದು. ಎದುರಿಗೆ ಸೂಟಪ್ಪ ಕುರ್ಚಿಯನ್ನು ಹೊರಗೆ ಹಾಕಿಸಿಕೊಂಡು, ಕೋಟಿನೊಳಗೆ ಬೆವರುತ್ತ, ಬೆಳಗಿನಿಂದ ಸಂಜೆಯವರೆಗೆ ಮಾಸ್ಟರ ಕತ್ತನ್ನೇ ನೋಡುತ್ತ ಕೂತಿರುತ್ತಾನೆ. ಅವನ ಫೋನು ಅವನ ತೊಡೆಯ ಮೇಲೆ ತಯಾರಾಗಿರುತ್ತದೆ.

"ಕತ್ತು ಹೇಗಿದೆ ಮಾಸ್ಟ್ರೇ?" ಎಂದು ದಿನಕ್ಕೆ ಎರಡು ಸಲ ಕೂಗಿ ಕೇಳುತ್ತಾನೆ.

ಐದನೆಯ ದಿನಕ್ಕೆ ತಯಾರಾದದ್ದು ಹನ್ನೊಂದು ಜೊತೆ. ಅದರಲ್ಲಿ ಮನುಷ್ಯರು ಹಾಕಿಕೊಳ್ಳಬಹುದಾದದ್ದು ಏಳು.

"ರೀ, ಸಾಕು," ಎಂದಳು ಹೆಂಡತಿ ಪೆಡಲು ಬಿಟ್ಟು ಸೊಂಟ ಹಿಡಿದು ಏಳುತ್ತ. "ಬಿಚ್ಚಿ ಬಿಸಾಕಿ ಅದನ್ನ. ಹೋಗಿ ಮೇಡಂ ಹತ್ರ ನಿಜ ಹೇಳಿ."

"ಹೇಳಿದ್ನಲ್ಲೇ ಅವತ್ತೇ. ಎಲ್ಲಾರ ಮುಂದೇನೇ ಹೇಳ್ದೆ."

"ಮಲ್ಕೊಂಡು ಹೇಳಿದ್ರಿ. ಈಗ ನಿಂತ್ಕೊಂಡು ಹೇಳಿ."

ಅದೇ ತಾನೇ ಕಷ್ಟ. ಸ್ಟ್ರೆಚರಿನ ಮೇಲೆ ಹೇಳಿದ ನಿಜವನ್ನು ಯಾರೂ ನಂಬಲಿಲ್ಲ. ಪಟ್ಟಿ ಬಿಚ್ಚಿ, ಎರಡು ಕಾಲಿನ ಮೇಲೆ ನಿಂತು, ಕತ್ತು ಆಡಿಸಿ ಹೇಳಿದರೆ ನಂಬುತ್ತಾರೆ. ನಂಬಿದರೆ ಕಾಗದ ವಾಪಸ್ಸು ಹೋಗುತ್ತದೆ. ನಂಬದೆ ಉಳಿದರೆ ಇಪ್ಪತ್ತನೆಯ ದಿನ ಆರುನೂರು ಜನ ಕುತ್ತಿಗೆಯ ಜಾಗದಲ್ಲಿ ತೋಳಿರುವ ಅಂಗಿ ಹಿಡಿದು ಅಂಗಡಿಗೆ ಬರುತ್ತಾರೆ, ಮೂವತ್ತು ವರ್ಷದ ಹೆಸರು ಅವತ್ತೇ ಹೋಗುತ್ತದೆ.

ಈಗ, ಈ ಗಳಿಗೆಯಲ್ಲಿ, ಮಾಸ್ಟರು ಅಂಗಡಿಯ ಬಾಗಿಲಲ್ಲಿ ನಿಂತಿದ್ದಾರೆ. ಮುಂದೆ ಅಳತೆಗೆ ಬಂದ ಮೂವತ್ತು ಜನ ಸಾಲಾಗಿ ನಿಂತಿದ್ದಾರೆ. ಮಾಸ್ಟರನ್ನು ನೋಡಿಹೋಗಲು ಬಂದ ಸೂಪರಿಂಟೆಂಡೆಂಟ್ ಮೇಡಂ ಕಾರಿನಿಂದ ಇಳಿಯುತ್ತಿದ್ದಾರೆ. ಎದುರುಸಾಲಿನಲ್ಲಿ ಸೂಟಪ್ಪ ಕುರ್ಚಿಯಿಂದ ಅರ್ಧ ಎದ್ದಿದ್ದಾನೆ. ಮಾಸ್ಟರ ಬಲಗೈ ಕತ್ತಿನ ಹಿಂದೆ ಹೋಗಿ ಪಟ್ಟಿಯ ಕೊಂಡಿಯನ್ನು ಹಿಡಿದುಕೊಂಡಿದೆ. ಎಳೆದಿಲ್ಲ, ಬಿಟ್ಟೂ ಇಲ್ಲ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?